ಸೊಂಟದ ಮಟ್ಟ

ಕೆಮ್ಮಣ್ಣಿನ ಕಡವಿನಲ್ಲಿ ಹೊಳೆಗೆ ಅಡಿ, ಗಜದ ಲೆಕ್ಕ ಇಲ್ಲ.
ಹರಡಿನ ಮಟ್ಟ ಅಂದರೆ ಮಕ್ಕಳ ಜಾಗ,
ಮೊಣಕಾಲಿನ ಮಟ್ಟಕ್ಕೆ ಬರೀ ಚಿಪ್ಪು, ಸಣ್ಣ ಮರಿ.
ಸೊಂಟದ ಮಟ್ಟಕ್ಕೆ ಹೋದರೆ ಕಪ್ಪು ಮರುವಾಯಿ,
ನೂರಕ್ಕೆ ಇಷ್ಟು ಎಂದು ಎಣಿಸಿ ಕೊಡುವಂಥದ್ದು.
ಅದರಾಚೆ ಗಂಡಸರ ಹೊಳೆ. ದೋಣಿ ಬೇಕು.

ಸೊಂಟ ಅಂದರೆ ನನ್ನದೇ ಸೊಂಟ.
ಮದುವೆಯಾಗಿ ಬಂದ ವರ್ಷ ಅತ್ತೆ
ಮುರಿದ ಬಲೆಗೂಟದ ಹತ್ತಿರ ನಿಲ್ಲಿಸಿ
ಸೀರೆಯ ಒದ್ದೆ ಗೆರೆ ನೋಡಿ ಹೇಳಿದ್ದರು:
ಇದು ನಿನ್ನ ಗುರುತು, ಮುಂದೆ ಹೋಗಬೇಡ.

ಈಗ ಅದೇ ಗೂಟ, ಅದೇ ಇಳಿತ,
ನೀರು ಪಕ್ಕೆಲುಬಿಗೆ ಬರುತ್ತದೆ.

ಅಪ್ಪಿ ಹೇಳುತ್ತಾಳೆ, ಹೊಳೆ ಆಳವಾಗಿದೆ ಮಾರಾಯ್ತಿ,
ರಾತ್ರಿ ಹೊಯಿಗೆ ಎತ್ತುವವರ ಕೆಲಸ.
ಸೊಸೆ ಹೇಳುತ್ತಾಳೆ, ಅತ್ತೆ, ನೀವೇ ಗಿಡ್ಡ ಆಗಿದ್ದೀರಿ.
ಆಸ್ಪತ್ರೆಯ ಗೋಡೆಗೆ ಬೆನ್ನು ತಾಗಿಸಿ ನಿಂತೆ.
ನರ್ಸಮ್ಮ ತಲೆಯ ಮೇಲೆ ಸ್ಕೇಲು ಇಟ್ಟು
ನಾಲ್ಕು ಅಡಿ ಒಂಬತ್ತು ಎಂದು ಬರೆದಳು.
ಹೆರಿಗೆಯ ಹಳೆಯ ಚೀಟಿಯಲ್ಲಿ ಐದು ಅಡಿ.
ಗೂಟದ ಹತ್ತಿರ ನೀರು ಏರಿದ್ದು ಒಂದು ಗೇಣು:
ಮೂರು ಇಂಚು ನನ್ನದು, ಉಳಿದ ಆರು ಲಾರಿಯದು.
ಕಳ್ಳರು ಇಬ್ಬರು.
ಒಬ್ಬರ ಮೇಲೆ ಮಾತ್ರ ದೂರು ಕೊಡಬಹುದು.

ಮೊನ್ನೆ ಕಯಾಕಿನಲ್ಲಿ ಕೂತು ಬಂದ ಕೇಸರಿ ಜಾಕೆಟಿನ ಹುಡುಗ
ಅಜ್ಜಿ, ಇಲ್ಲಿ ಎಷ್ಟು ಆಳ ಅಂತ ಕೇಳಿದ.
ಯಾರಿಗೆ, ಅಂದೆ.
ನಕ್ಕ. ನಾನು ತಮಾಷೆ ಮಾಡಿದ್ದಲ್ಲ.

ದಡದಲ್ಲಿ ಕರ್ಮಿಣ್ ಬಾಯಿ,
ಬಕೆಟು ಕವುಚಿ ಹಾಕಿ ಅದರ ಮೇಲೆ.
ಎರಡು ಮೊಣಕಾಲಿಗೂ ಬೆಲ್ಟು.
ನಾವು ತಂದು ಸುರಿದದ್ದನ್ನು ಒಂದಕ್ಕೊಂದು ತಟ್ಟಿ,
ಸದ್ದು ಕೇಳಿ, ಸತ್ತದ್ದನ್ನು ಎಸೆಯುತ್ತಾಳೆ.
ನಡುನಡುವೆ ನಮ್ಮ ತಲೆ ಎಣಿಸುತ್ತಾಳೆ:
ಏಕ್, ದೋನ್, ತೀನ್, ಚ್ಯಾರ್.

ದಡದಲ್ಲಿ ಕೂತವಳಿಗೆ ಅರ್ಧ ಪಾಲು.
ಈ ಕಟ್ಟಳೆ ಮಾಡಿದವರು ನಾವೇ,
ಮೂವತ್ತು ವರ್ಷದ ಹಿಂದೆ, ಕರ್ಮಿಣಳ ಅತ್ತೆಗೆ ಕಣ್ಣು ಮಂಜಾದಾಗ.
ಅರ್ಧ ಅಂದದ್ದೇ ದೊಡ್ಡ ಧಾರಾಳ ಅನ್ನಿಸಿತ್ತು,
ಮುದುಕಿಗೆ ಏನು ಖರ್ಚು ಅಂತ.
ನಮ್ಮ ಸಂಬಳವನ್ನೇ ನಿಗದಿ ಮಾಡುತ್ತಿದ್ದೇವೆಂದು
ಒಬ್ಬಳ ತಲೆಗೂ ಹೋಗಲಿಲ್ಲ.

ಈ ಸಲ ಪೂರ್ತಿ ತಗೋ ಅಂದೆವು.
ಅವಳಿಗೆ ಸಿಟ್ಟು ಬಂತು:
ಕಾಲು ಒದ್ದೆಯಾಗದೆ ಪೂರ್ತಿ ಪಾಲಾ? ನಾನೇನು ದಲ್ಲಾಳಿಯಾ?
ಪಂಚಾಯತಿಕೆ ಮುಗಿಯುವ ಮೊದಲು ಉಬ್ಬರ ಬಂತು, ಎದ್ದೆವು.
ಅಪ್ಪಿ ಮೆಲ್ಲಗೆ ಅವಳ ಚೀಲಕ್ಕೆ ಇಪ್ಪತ್ತೈದು ಹೆಚ್ಚು ಹಾಕಿದಳು.
ಮರುದಿನ ಇಪ್ಪತ್ತೈದೂ ವಾಪಸು ಬಂದವು,
ಸುಕ್ಕ ಆಗಿ, ಸ್ಟೀಲಿನ ಡಬ್ಬಿಯಲ್ಲಿ.

ಇವತ್ತು ಅಮಾವಾಸ್ಯೆಯ ಮರುದಿನ, ಒಳ್ಳೆಯ ಇಳಿತ.
ಗೂಟ ಹಿಡಿದು ನಿಂತೆ.
ಪಾದಕ್ಕೆ ಮಾತ್ರ ವಯಸ್ಸಾಗಿಲ್ಲ,
ಕಲ್ಲು ಯಾವುದು, ಬಾಯಿ ಮುಚ್ಚಿ ಕೂತದ್ದು ಯಾವುದು
ಹೆಬ್ಬೆರಳಿಗೆ ಗೊತ್ತು.
ಮುಳುಗಿ ತೆಗೆದೆ. ಮೂಗಿನಲ್ಲಿ ಉಪ್ಪು.

ದಡದಿಂದ ಕೇಳಿತು: ಏಕ್, ದೋನ್, ತೀನ್, ಚ್ಯಾರ್, ಪಾಂಚ್.
ನಾವು ನಾಲ್ಕೇ.
ಐದನೆಯದು ನೀರುಕಾಗೆ, ನನ್ನ ಪಕ್ಕ, ಕತ್ತು ಮಾತ್ರ ಮೇಲೆ.
ಅದು ಪಕ್ಕನೆ ಮುಳುಗಿತು.

ಕರ್ಮಿಣ್ ಎದ್ದಳು. ಬಕೆಟು ಉರುಳಿತು.
ಹೆಸರು ಹಿಡಿದು ಕೂಗಿದಳು,
ಅಪ್ಪೀ, ಚಂದೂ, ಜಲಜಾ, ರುಕ್ಕೂ!
ಹೆಸರು ಬಂದ ಹಾಗೆ ಒಬ್ಬೊಬ್ಬರೇ ಕೈ ಎತ್ತಿದೆವು,
ನನ್ನದು ಕೊನೆಗೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ನೀರುಕಾಗೆ ಎಲ್ಲೋ ದೂರ ಎದ್ದು ಮೀನು ನುಂಗಿತು.
ಆಮೇಲೆ ಅಪ್ಪಿ ಅಂದಳು,
ಕರ್ಮಿಣಾ, ಒಮ್ಮೆ ಕೆಳಗೆ ನೋಡು,
ನೀನು ನಿಂತದ್ದು ಎಲ್ಲಿ?