ತೂಕದ ಚೀಟಿ

ಹಾಸನದ ಮಾರ್ಕೆಟ್ ಯಾರ್ಡಿನ ಹಿಂದಿನ ಗೇಟಿನಲ್ಲಿ
ಹದಿನೇಳು ವರ್ಷದಿಂದ ವೇಬ್ರಿಡ್ಜ್ ಕಾಯುತ್ತಿದ್ದೇನೆ.
ಒಂದಡಿ ಅಗಲದ ಕಿಟಕಿ.
ಆಚೆ ಲೋಕವೆಲ್ಲ ಮಾತು,
ಈಚೆ ಕೆಂಪು ಅಂಕಿ.

ಆಲೂಗಡ್ಡೆ ಕಾಲ ಬಂತೆಂದರೆ ಕೇಳಬೇಕೆ.
'ದುದ್ದದ ಮಣ್ಣಿಗೆ ಸಮ ಇಲ್ಲ ಕಣಕ್ಕ' ಅಂತಾನೆ ಜವರಪ್ಪ.
'ಹೋಗಲೋ, ಶಾಂತಿಗ್ರಾಮದ ಗಡ್ಡೆ ಬೇಯಿಸಿ ನೋಡು,
ಸಿಪ್ಪೆ ತಾನೇ ಬಿಚ್ಕೊಂಡು ಕೂತ್ಕೋತದೆ'
ಅಂತಾನೆ ಬೋರಲಿಂಗ.
ನಾಲಿಗೆಗೆ ಸೀಲು ಒತ್ತುವ ಇಲಾಖೆ ಇನ್ನೂ ಹುಟ್ಟಿಲ್ಲ.
ಜಗಳ ಟೀ ಅಂಗಡಿವರೆಗೂ ನಡೆಯಲಿ,
ಕುಡಿಯಲು ಜೊತೆಗೊಬ್ಬರು ಬೇಕಲ್ಲ.

ಆದರೆ ಮೊನ್ನೆ ಇದೇ ಜವರಪ್ಪ
ಚೀಟಿ ನೋಡಿ ತಲೆ ಕೊಡವಿದ:
'ನನ್ ಪ್ರಕಾರ ಐದು ಟನ್ ಮೇಲೈತೆ.'

ಪ್ರಕಾರ!

ತುಂಬಿದ ಗಾಡಿ ಎಂಟು ಸಾವಿರದ ಇನ್ನೂರ ಎಂಬತ್ತು,
ಖಾಲಿ ಗಾಡಿ ಮೂರು ಸಾವಿರದ ಆರುನೂರ ನಲವತ್ತು.
ಕಳೆಯುವ ಲೆಕ್ಕಕ್ಕೆ ಕೈ ಎತ್ತಿಸುತ್ತಾರೆಯೇ ಯಾರಾದರೂ?
'ಎಲ್ರಿಗೂ ಒಂದೊಂದು ಅಭಿಪ್ರಾಯ ಇರ್ತದಕ್ಕ,
ನಿನ್ ಮಿಷಿನ್ನಿಗೂ ಇರಬೌದು' ಅಂದ.
ಹಿಂದಿದ್ದ ಲಾರಿಗಳು ಹಾರ್ನ್ ಒತ್ತಿದವು.
ಅವಕ್ಕೂ ಒಂದು ಅಭಿಪ್ರಾಯ.

ಸಿಟ್ಟು ನೆತ್ತಿಗೇರಿತ್ತು. ಆದರೂ ಸಲಿಕೆ ಹಿಡಿದು ಇಳಿದೆ.
ಗಾಡಿ ಹಿಂದಕ್ಕೆ ತೆಗೆಸಿ ಹಲಗೆ ನೋಡಿದರೆ
ಮುಂಚೆ ಹೋದ ಟ್ರ್ಯಾಕ್ಟರು ಉದುರಿಸಿದ ಹಸಿ ಮಣ್ಣು.
ಕೆರೆದೆ, ಗುಡಿಸಿದೆ, ಸೊನ್ನೆಗೆ ತಂದೆ,
ಮತ್ತೆ ಹತ್ತಿಸಿದೆ.
ಎಂಟು ಸಾವಿರದ ಇನ್ನೂರ ಅರವತ್ತು.

ನಿಜ ಇಪ್ಪತ್ತು ಕಿಲೋ ಜರುಗಿತ್ತು,
ಜವರಪ್ಪನ ಐದು ಟನ್ನಿನ ಕಡೆಗಲ್ಲ.

ಹಳೆ ಚೀಟಿ ಹರಿದೆ. ಎರಡನೇ ತೂಕಕ್ಕೆ ದುಡ್ಡು ತಗೊಳ್ಳಲಿಲ್ಲ.

ಹೇಳಿಬಿಡುತ್ತೇನೆ: ಒಂದೇ ಒಂದು ಸಲ,
ಕೆಲಸಕ್ಕೆ ಸೇರಿದ ವರ್ಷ,
ಜೀಪಿನಲ್ಲಿ ಬಂದ ದೊಡ್ಡವರೊಬ್ಬರ ಬಾಯಿ ನೋಡಿಕೊಂಡು
ಅಂಕಿ ಬರೆದಿದ್ದೆ.
ಐವತ್ತು ಕಿಲೋ ಹೆಚ್ಚು.
ವರ್ಷಕ್ಕೊಮ್ಮೆ ಇಲಾಖೆಯವರು ತೂಕದ ಕಲ್ಲು ತಂದು
ಹಲಗೆಯ ಮೇಲೆ ಒಂದೊಂದಾಗಿ ಇಡುವಾಗ
ಆ ಐವತ್ತು ನನ್ನ ಬೆನ್ನ ಮೇಲೆ ಕೂರುತ್ತದೆ.

ಜವರಪ್ಪ ಚೀಟಿ ಮಡಚಿ ಜೇಬಿಗಿಟ್ಟ.
ಎರಡು ಹೆಜ್ಜೆ ಹೋಗಿ ತಿರುಗಿ ಬಂದು
ಕಿಟಕಿಯಲ್ಲಿ ನಾಲ್ಕು ಗಡ್ಡೆ ಉರುಳಿಸಿದ:
'ರುಚಿ ಮಾತ್ರ ನಮ್ದೇ.'

ರಾತ್ರಿ ಅದನ್ನೇ ಸಾರಿಗೆ ಹಾಕಿದೆ.
ಉಪ್ಪು ಕಮ್ಮಿ ಅಂದರು ಮನೆಯವರು.
ಜಾಸ್ತಿ ಅಂದಳು ಮಗಳು.
ನಾನು ಸುಮ್ಮನೆ
ಉಪ್ಪಿನ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟೆ.