ನೂರಾ ಹದಿನೆಂಟನೆಯ ಮೊಳೆ

ಮಂಡಿ ಮೊಹಲ್ಲಾದಿಂದ ತಕ್ಕಡಿ ಹೇರಿಕೊಂಡು
ಕಡಕೊಳ ದಾಟಿ ಎಡಕ್ಕೆ ತಿರುಗಿ
ಗೂಡ್ಸ್ ಆಟೋ ಏದುಸಿರು ಬಿಡುತ್ತ ನಿಂತಾಗ
ಹಿಂದೆ ಚಾಮುಂಡಿ ಬೆಟ್ಟ, ಹೆಬ್ಬೆಟ್ಟಿನಷ್ಟು.
ಮುಂದೆ ಕರಿಕಲ್ಲಹುಂಡಿ ಗಣಿ ಕಾಲೊನಿ:
ಸೂರಿಲ್ಲದ ನಲವತ್ತು ಮನೆ,
ಕಿಟಕಿಗಳಿಂದ ಹೊರಗೆ ಇಣುಕುವ ಲಂಟಾನ,
ಒಂದು ಬಾಗಿಲಿಗೆ ಮಾತ್ರ ಬೀಗ.

ನಾನು ಬಂದದ್ದು ಇತಿಹಾಸ ಕೇಳಲಿಕ್ಕಲ್ಲ.
ಹರಾಜಿನಲ್ಲಿ ಸೇಟು ಹಿಡಿದ ಕಬ್ಬಿಣ ತೂಗಲಿಕ್ಕೆ:
ಹಳಿ, ತೊಟ್ಟಿಲಿನಂಥ ಟ್ರಾಲಿ, ನೀರಿನ ಪೈಪು,
ಕೂಗು ಮರೆತ ಸೈರನ್ನು.
ನನ್ನ ಕಸುಬಿನಲ್ಲಿ ವಸ್ತುವಿಗೆ ಹೆಸರಿಲ್ಲ,
ಕೆಜಿ ಇದೆ.

"ಬೀಗ ನಂದೇ ಕನಪ್ಪ," ಅಂದಳು ಕೆಂಪಸಿದ್ದಮ್ಮ
ಸೆರಗಿನ ಗಂಟಿನಿಂದ ಕೀಲಿ ಬಿಡಿಸುತ್ತ.
ಹದಿನಾಲ್ಕಕ್ಕೇ ಅದಿರು ಆರಿಸಲು ಕೂತವಳು,
ಕರಿಗಲ್ಲು ಈ ಕಡೆ, ಬಿಳಿಗಲ್ಲು ಆ ಕಡೆ.
ಅಕ್ಕಿ ಆರಿಸುವ ಕೈಗೆ ಅದೇನು ಕಷ್ಟ?
ಆದರೆ ಅಕ್ಕಿ ಉಗುರು ತಿನ್ನುವುದಿಲ್ಲ
ಎಂದು ಬೆರಳು ಚಾಚಿದಳು.

ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು.
"ಈ ಮಿಂಚು ಅದಲ್ಲ, ನಮ್ ಕರಿಕಲ್ಲಿಂದೇಯ.
ಇಂಜಿನಿಯರು ಹೇಳುದ್ರು, ನಾವು ನಂಬ್ನಿಲ್ಲ,
ಮಸಿಯಂಥಾದ್ದು ಎಲ್ಲಾರ ಮಿಂಚದಾ?
ಬೋನಸ್ ಬಂದಾಗ ಮನೆಮನೇಲೂ
ಹಿತ್ತಾಳೆ ಮಾರಿ ಸ್ಟೀಲು ತಂದೋ.
ನಮ್ ಕಲ್ಲ ನಮ್ಗೇ ಮಾರುದ್ರು ನೋಡು."

ಕೋಲಾರದ ಕಡೆಯಿಂದ ಬಂದ ಆರೋಗ್ಯಸ್ವಾಮಿ
ಬಂಡೆಗೆ ಕಿವಿಯಿಟ್ಟು "ನಾಳೆ ಇಲ್ಲಿ ಬೇಡ" ಅಂದರೆ
ಮೇಸ್ತ್ರಿಯೂ ಇಳಿಯುತ್ತಿರಲಿಲ್ಲವಂತೆ.
ವಿಂಚಿನ ಖಾಸಿಂ ಸಾಬರು
ಹಗ್ಗದ ನಡುಕ ಮುಟ್ಟಿಯೇ
ಯಾರು ಮೇಲೆ ಬರುತ್ತಿದ್ದಾರೆಂದು ಹೇಳುತ್ತಿದ್ದರಂತೆ.
ಆಮೇಲೊಂದು ದಿನ ದರ ಬಿತ್ತು, ಕಾಗದ ಬಂತು,
ಪಂಪು ನಿಂತಿತು.

ಗಣಿಯ ಬಾಯಿಗೆ ಮಕ್ಕಳು ಕಲ್ಲೆಸೆದು ಎಣಿಸಿದರು.
ಮೊದಲ ವಾರ ಏಳಾದ ಮೇಲೆ ಸದ್ದು.
ಯುಗಾದಿಗೆ ಐದು. ಮಾರ್ನಮಿಗೆ ಮೂರು.
ಎರಡಕ್ಕೆ ಬರುವಷ್ಟರಲ್ಲಿ
ಎಣಿಸುವ ಮಕ್ಕಳೇ ಇರಲಿಲ್ಲ.

ಬೀಗ ತೆಗೆದಳು. ದೀಪದ ಕೋಣೆ.
ಗೋಡೆಯುದ್ದ ಹಲಗೆ, ಹಲಗೆ ತುಂಬ ಮೊಳೆ,
ಮೊಳೆಗೊಂದು ನಂಬರು, ನಂಬರಿಗೊಂದು ಹಿತ್ತಾಳೆ ಬಿಲ್ಲೆ.
ಇಳಿಯುವಾಗ ಒಯ್ಯಬೇಕು, ಹತ್ತಿ ಬಂದು ತೂಗಬೇಕು.
ಮೊಳೆ ಖಾಲಿಯೆಂದರೆ ಒಳಗೊಬ್ಬನಿದ್ದಾನೆ.

ನೂರಾ ಹದಿನೆಂಟು ಖಾಲಿ.

ನಾನು ಕೇಳಲಿಲ್ಲ, ತಲೆಯ ಟವೆಲು ತೆಗೆದೆ.
ಅವಳು ನಕ್ಕಳು: "ಸತ್ತಿಲ್ಲ ಕನಪ್ಪ, ಹಾಕ್ಕೊ ಹಾಕ್ಕೊ.
ಜವರಶೆಟ್ಟಿ ಅಂತ. ಕಡೇ ದಿವಸ
ಬಿಲ್ಲೆ ಜೇಬಲ್ಲೇ ಮಡಿಕ್ಕೊಂಡು
ನಾಲ್ಕೂವರೆ ಬಸ್ಸು ಹತ್ತ್‌ಬುಟ್ಟ.
ನನಗೂ ಹೇಳ್ನಿಲ್ಲ."

ಆ 'ನನಗೂ' ಎಂಬಲ್ಲಿ ಒಂದು ಕಲ್ಲು ಬಿತ್ತು.
ಎಣಿಸಿದೆ.
ಸದ್ದು ಬರಲಿಲ್ಲ.

ರಿಜಿಸ್ಟರಿನ ಕೊನೆಯ ಪುಟದಲ್ಲಿ ಇನ್ನೂ ಇದೆ,
ಇಳಿದವರಿಗಿಂತ ಹತ್ತಿದವರು ಒಬ್ಬ ಕಡಿಮೆ.
ಒಳಗೊಬ್ಬನಿರುವ ತನಕ ದೀಪದ ಕೋಣೆ
ಬಿಟ್ಟು ಹೋಗುವಂತಿಲ್ಲ, ಗಣಿಯ ಕಾನೂನು.
ಅವಳ ಸಂಬಳ ನಿಂತು ಮೂವತ್ತು ವರ್ಷ.
ಕಾನೂನು ನಿಂತಿಲ್ಲ.

ಇಳಿಬಿಸಿಲಿನ ತನಕ ತೂಗಿದೆ.
ಹಿತ್ತಾಳೆಗೆ ಕಬ್ಬಿಣದ ಹತ್ತು ಪಟ್ಟು ದರ,
ಆಸೆಯಾಗಲಿಲ್ಲವೆಂದರೆ ಸುಳ್ಳು.
ಇನ್ನೊಂದು ಯೋಚನೆಯೂ ಬಂತು:
ಅಂಗಡಿಯಲ್ಲಿ ತಗಡಿದೆ, ಅಚ್ಚಿದೆ, ಸುತ್ತಿಗೆಯಿದೆ,
ದುಂಡಗೆ ಕತ್ತರಿಸಿ ನಂಬರು ಕುಟ್ಟಿ ತಂದು
ಆ ಮೊಳೆಗೆ ಸಿಕ್ಕಿಸಿದರೆ
ಗಣಿ ಮುಚ್ಚುತ್ತದೆ, ಮುದುಕಿಗೆ ಬಿಡುಗಡೆ.

ಬಿಡುಗಡೆಯಾಗಿ ಎಲ್ಲಿಗೆ?

ಚೀಟಿಯಲ್ಲಿ ಬರೆದೆ: ಹಳಿ ಇಷ್ಟು, ಪೈಪು ಇಷ್ಟು,
ಸೈರನ್ ಒಂದು. ಹಲಗೆ: ಮರ,
ಗೆದ್ದಲು ಹಿಡಿದಿದೆ, ತೂಕಕ್ಕಿಲ್ಲ.

ಹೊರಟಾಗ ಅವಳು ಲೋಟ ತೊಳೆದು
ಜಗಲಿಯ ಮೇಲೆ ಬೋರಲಿಡುತ್ತಿದ್ದಳು.
ಅದರ ಕಂಠಕ್ಕೆ ಚುಕ್ಕಿಚುಕ್ಕಿಯಾಗಿ ಕೊರೆಸಿದ
ಎರಡು ಅಕ್ಷರ. ಒಂದು ಅವಳದು.
ಇನ್ನೊಂದನ್ನು ನಾನು ಓದಲಿಲ್ಲ.