ಆರು

ಪ್ಲೇಟ್‌ಲೆಟ್ಟಿಗೆ ಐದು ದಿನದ ಆಯುಷ್ಯ.
ಗೋದಿ ಬಣ್ಣದ ಚೀಲದಾಗ, ಹಗಲೂ ರಾತ್ರಿ ತೂಗೂ ಮಷೀನಿನ ಮ್ಯಾಲ
ಕೂಸಿನಂಗ ಅತ್ತಿತ್ತ ಹೊಳ್ಳತಿರತಾವು.
ಕರೆಂಟ್ ಹೋದಾಗ ನಾನ ಎದ್ದು ಕೈಲೆ ತೂಗಿದ್ದೂ ಐತಿ.
ಐದನೇ ರಾತ್ರಿ ರಜಿಸ್ಟರಿನಾಗ ಬರದೆ:
ಚೀಲ ಒಂದು, ವಿಲೇವಾರಿ, ಸಹಿ ಚಂಪಾ ಬಡಿಗೇರ.
ಆರನೇ ದಿನ ಇಳಕಲ್ಲಿನಿಂದ ಫೋನು.
ಡೆಂಗಿ, ಒಂಬತ್ತು ವರ್ಷದ ಹುಡುಗಿ, ಅದ ಗುಂಪು.
"ನಿನ್ನಿ ತನಕಾ ಇತ್ತರೀ" ಅಂದೆ.
ಆ ಕಡೆ ಯಾರೂ ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಅವತ್ತ ರಾತ್ರಿ ಡ್ರಾವರ್ ತಗದೆ. ಎರಡು ವರ್ಷದ ಪೊಟ್ಟಣ:
ಹಳೇ ಬಾಗಲಕೋಟ್ಯಾಗ, ಹಿನ್ನೀರಿಗೆ ಗೇಣು ಮ್ಯಾಲ ಉಳಕೊಂಡ
ಬಣ್ಣಗಾರರ ಗ್ವಾಡಿಯಿಂದ ಕೆರಕೊಂಡು ತಂದ ಪಾಚಿ,
ಒಣಗಿ ನಶ್ಯದಂಗಾಗಿತ್ತು.
ಗಾಜಿನ ಮ್ಯಾಲ ಇಟ್ಟು ಒಂದು ಹನಿ ನೀರು ಬಿಟ್ಟೆ.
ಹತ್ತು ನಿಮಿಷ ಏನೂ ಇಲ್ಲ. ಸುರುಳಿ ಸುತ್ತಿದ ನೂಲಿನ ತುಂಡು, ಅಷ್ಟ.
ಚಾ ಕುಡದು ಬಂದು ಕಣ್ಣಿಟ್ಟೆ:
ಸುರುಳಿ ಸಡಲಿತ್ತು.
ಮತ್ತ ಸ್ವಲ್ಪ ಹೊತ್ತಿಗೆ ಹುಳ ಬಾಲ ಒದರಿತು,
ನಿದ್ದಿಗಣ್ಣಾಗ ಹೊದಿಕಿ ಕೊಡವಿದಂಗ.

ನೀರು ಬಿಟ್ಟುಹೋದ ಜಾಗಾ ಖಾಲಿ ಬಿಡೂದಿಲ್ಲಂತ ಅದು;
ಸಕ್ಕರಿ ಕೂಡಸತೈತಿ. ಒಂದು ಬಗಿ ಸಕ್ಕರಿ, ಗಾಜಿನಂಗ ಗಟ್ಟಿಯಾಗಿ
ಜೀವಕಣದ ಪೊರಿ ಕುಸಿಯದಂಗ ಹಿಡದು ನಿಂದರತೈತಿ.
ಆದ್ರ ಗಡಬಡಿ ನಡಿಯೂದಿಲ್ಲ.
ಒಮ್ಮೆಲೆ ಬಿಸಲಿಗೆ ಒಗದ್ರ ಸಾಯತೈತಿ.
ಕಡಕ್ ರೊಟ್ಟಿ ಅಂಗಡಿ ಪಾರಮ್ಮ ಕಾಕೂನೂ ಇದನ್ನ ಅಂತಾಳ:
"ಒಲಿಗೆ ಆನಿಸಿ ನಿಂದ್ರಸು, ಉರಿ ತೋರಸಬ್ಯಾಡ. ತಾನ ಆರಲಿ."
ಕಾಕೂನ ರೊಟ್ಟಿ ಮಾತ್ರ ನೀರು ಚಿಮಕಿಸಿದ್ರ ಮೆತ್ತಗಾಗತಾವು,
ಎದ್ದು ಓಡೂದಿಲ್ಲ.

ದೀಪ ಆರೂದಕ್ಕೂ ಅರಬಿ ಆರೂದಕ್ಕೂ ನಮ್ಮಲ್ಲಿ ಒಂದ ಶಬ್ದ.
ಯಾರು ಬೆರಸಿದ್ರೋ. ಲೆಕ್ಕದ ಆರೂ ಅಲ್ಲೇ ಬಂದು ಕುಂತೈತಿ.

ನಮ್ಮ ಕಣಕ್ಕ ಆ ಸಕ್ಕರಿ ಮಾಡಾಕ ಬರೂದಿಲ್ಲ.
ಬೆಚ್ಚಗ ಇಟ್ಟು, ಹೊರಗಿಂದ ನುಂಗಿಸಬೇಕಂತ,
ಆಮ್ಯಾಲ ಒಣಗಸಬೇಕಂತ. ಎಲ್ಲೆಲ್ಲೋ ಹತ್ತ್ಯಾರ, ಪೂರಾ ಆಗಿಲ್ಲ.
ಆದ ದಿನ, ಚಹಾಪುಡಿ ಪಾಕೀಟಿನಂಥದು ಒಂದು
ಫ್ರಿಜ್ಜಿಲ್ಲದ ದವಾಖಾನಿ ಕಪಾಟಿನಾಗ
ಆರನೇ ದಿನ, ಅರವತ್ತನೇ ದಿನ, ಸುಮ್ಮನ ಕುಂತಿರತೈತಿ,
ತೂಗೂರು ಬೇಕಾಗದಂಗ.

ಹುಳಕ್ಕ ಇದ್ಯಾವುದೂ ಗೊತ್ತಿಲ್ಲ.
ಪಾಚಿ ಎಳಿ ಸುತ್ತ ತಿರಗಾಕ ಹತ್ತಿತ್ತು.
ಮುಂಜಾನಿ ಪಾಳಿ ಮುಗಸಿ ಗಾಜು ಕಿಟಕಿ ಕಟ್ಟಿಗೆ ಇಟ್ಟೆ,
ಬಿಸಲು ತಾಗದಂಗ ಮ್ಯಾಲ ಒಂದು ಬಟ್ಟಲ ಕವಚಿ.
ಸಾವಕಾಶ ಹೋಗು, ಅಂದೆ.
ಇಳಕಲ್ಲಿಗೆ ಹೊಳ್ಳಿ ಫೋನ್ ಮಾಡೂ ಧೈರ್ಯ
ಇನ್ನೂ ಬಂದಿಲ್ಲ.